ತೊಂಬತ್ತಾರು ಸಾವಿರ ಅಕ್ಷರದ ಸಾರು

ಕೆಲಸ ಕೆಡಿಸಿ ಮನೆಹಾಳು ಮಾಡುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ನನ್ನನ್ನು ಹಾಳು ಮಾಡಿದವನು ಕೆಲಸವನ್ನು ಜೋಪಾನವಾಗಿ ಮಾಡಿದವನು. ನನ್ನ ಹದಿನೇಳು ವರ್ಷದ ಹೊಟ್ಟೆಯುರಿಯನ್ನು ಒಬ್ಬ ಪುಣ್ಯಾತ್ಮ ಒಂದಕ್ಷರವೂ ಚೆಲ್ಲದ ಹಾಗೆ ಉಳಿಸಿಕೊಟ್ಟ. ಅವನಿಗೆ ಎರಡೆರಡು ಸಲ ಕಾಫಿ ಮಾಡಿಕೊಟ್ಟವಳೂ ನಾನೇ.

ನಮ್ಮ ಯಜಮಾನರು ಪ್ರಹ್ಲಾದ, ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾರೆ. ಎಂಬತ್ತೆಂಟರಲ್ಲಿ ಅಲ್ಲಿಗೆ ಹೊಸ ಕಂಪ್ಯೂಟರುಗಳು ಬಂದವು. ಮ್ಯಾನೇಜರು ಹಳೆಯದೊಂದನ್ನು ಇವರ ಕೈಗೆ ಕೊಟ್ಟು, "ಮನೇಲಿಟ್ಕೊಂಡು ಕಲೀರಿ, ಕಲಿತರೆ ಕಂಪ್ಯೂಟರ್ ವಿಭಾಗಕ್ಕೆ ನೀವೇ ಹೆಡ್ಡು" ಎಂದರಂತೆ. ನಂಜನಗೂಡಿನ ನಮ್ಮ ಬೀದಿಗೆ ಆ ಮಹಾಪ್ರಭು ಕಾರ್ಖಾನೆಯ ವ್ಯಾನಿನಲ್ಲಿ ದಯಮಾಡಿಸಿದರು. ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನು ಅವರ ಸೇವೆಗೆ ಹೋಯಿತು. ನನ್ನ ಒಳ್ಳೆಯ ಶಾಲು ಅವರ ಮೈಮೇಲೆ ಬಿತ್ತು. (ಹೆರಿಗೆಯಾಗಿ ಮಲಗಿದ್ದಾಗಲೂ ನನಗೆ ಆ ಫ್ಯಾನು ತಿರುಗಿರಲಿಲ್ಲ.)

"ಯಾರೂ ಮುಟ್ಟಕೂಡದು. ಸೂಕ್ಷ್ಮ ಯಂತ್ರ" ಎಂದು ಅಪ್ಪಣೆಯಾಯಿತು.

ಸಂಜೆ ಇವರು ಅದರ ಮುಂದೆ ಕೂತು ಒಂದೇ ಬೆರಳಲ್ಲಿ, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಅಕ್ಷರ ಹುಡುಕುತ್ತಿದ್ದರು. ತಮ್ಮ ಹೆಸರು ಹೊಡೆಯುವಷ್ಟರಲ್ಲಿ ನನ್ನ ಚಪಾತಿ ಮುಗಿದಿರುತ್ತಿತ್ತು. ನಾನೋ, ಮದುವೆಗೆ ಮುಂಚೆ ಮೈಸೂರಿನಲ್ಲಿ ಸೀನಿಯರ್ ಟೈಪಿಂಗ್ ಪಾಸು ಮಾಡಿದವಳು. ಇದು ಇವರಿಗೆ ಗೊತ್ತಿತ್ತು, ನೆನಪಿರಲಿಲ್ಲ.

ಇವರು ಬೆಳಿಗ್ಗೆ ಕಾರ್ಖಾನೆ ಬಸ್ಸು ಹತ್ತಿದ ಮೇಲೆ ಒಂದು ದಿನ ಶಾಲು ತೆಗೆದೆ. ಗುಂಡಿ ಒತ್ತುವುದನ್ನು ಇವರು ಮಾಡುವಾಗಲೇ ನೋಡಿಕೊಂಡಿದ್ದೆ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡತೊಡಗಿದಾಗ ಬೆರಳುಗಳು ನನ್ನನ್ನು ಕೇಳದೆ ಓಡಿದವು. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ. ಏನನ್ನು? ಹದಿನೇಳು ವರ್ಷದಲ್ಲಿ ಈ ಮನೆಯಲ್ಲಿ ನನಗೆ ಏನೇನಾಗಿತ್ತೋ ಅದನ್ನೆಲ್ಲ, ತಾರೀಖಿನ ಸಮೇತ. ಕಾಗದದಲ್ಲಿ ಬರೆದಿಟ್ಟರೆ ಈ ಮನೆಯಲ್ಲಿ ಎಲ್ಲರೂ ಓದುತ್ತಾರೆ. ಕಂಪ್ಯೂಟರಿನ ಹೊಟ್ಟೆಗೆ ಯಾರು ಕೈಹಾಕುತ್ತಾರೆ? ಹೆಚ್ಚಿನ ಭದ್ರತೆಗೆ ಅದಕ್ಕೆ 'ಸಾರು' ಎಂದು ಹೆಸರಿಟ್ಟೆ. ಅಡುಗೆಯ ಹೆಸರಿದ್ದರೆ ಇವರು ಅದರ ಹತ್ತಿರ ಸುಳಿಯುವುದಿಲ್ಲ. ಐದು ತಿಂಗಳಲ್ಲಿ ಸಂಸಾರದ ಸಾರು ಚೆನ್ನಾಗಿ ಕುದಿಯಿತು.

ಅಷ್ಟರಲ್ಲಿ ಯಂತ್ರಕ್ಕೆ ಕಾಯಿಲೆ ಬಂತು. ಮೂರು ಸಲ ಗುಂಡಿ ಒತ್ತಿದರೆ ಒಂದು ಸಲ ಏಳುತ್ತಿತ್ತು. ಎದ್ದರೂ ಅರ್ಥವಿಲ್ಲದ ಅಕ್ಷರ ಕಾರುತ್ತಿತ್ತು. (ಇವರು ಯಾರದೋ ಆಟದ ಫ್ಲಾಪಿ ತಂದು ತುರುಕಿದ್ದರು, ರೋಗ ಅಂಟಿದ್ದು ಅದರಿಂದ. ಆದರೂ ಮೊದಲು ಕೇಳಿದ್ದು ನನ್ನನ್ನೇ: "ನೀರು ಗೀರು ಚೆಲ್ಲಿದ್ಯೇನೆ?") ಕಾರ್ಖಾನೆಯ ಕಂಪ್ಯೂಟರ್ ನೋಡಿಕೊಳ್ಳುವ ಹೆಡತಲೆ ಊರಿನ ಗಂಗಾಧರಸ್ವಾಮಿಯನ್ನು ಒಂದು ಭಾನುವಾರ ಕರೆತಂದರು.

"ಪೂರ್ತಿ ಅಳಿಸಿ, ಒಸ್ದಾಗಿ ಡಾಸ್ ಆಕ್ಬೇಕು ಸಾ" ಎಂದ ಆತ. ಡಾಸ್ ಎಂದರೆ ಯಂತ್ರವನ್ನು ಎಬ್ಬಿಸುವ ಮಂತ್ರವಂತೆ.

ಬಾಗಿಲಲ್ಲಿ ನಿಂತಿದ್ದ ನನಗೆ ಐದು ತಿಂಗಳ ಸಾರು ಹೋಯಿತಲ್ಲ ಎನಿಸಿತು. ಮರುಕ್ಷಣ ಮನಸ್ಸು ಹಗುರಾಯಿತು. ಹೋಗಲಿ ಬಿಡು, ಒಂದು ಸಲ ಹೇಳಿಕೊಂಡಾಯಿತಲ್ಲ, ಅಳಿಸಿಹೋದರೆ ಪೀಡೆ ಕಳೆಯಿತು.

ಆದರೆ ಗಂಗಾಧರಸ್ವಾಮಿ ಅಂಥ ಹಾಳು ಮನುಷ್ಯನಲ್ಲ. "ಮೊದ್ಲು ಒಳಗಿರೋದನ್ನೆಲ್ಲ ಫ್ಲಾಪಿಗೆ ಇಳಿಸ್ಕಬೇಕು. ಎರಡು ಕಾಪಿ. ಇಳಿಸಿದ್ದು ಸರಿಯಾಗಿ ಬಂತಾ ಅಂತ ತೆಗ್ದು ಓದಿ ನೋಡ್ಬೇಕು. ಆಮೇಲೆ ಅಳಿಸೋ ಮಾತು" ಎಂದು, ಡಾಸ್ ಫ್ಲಾಪಿಯ ಅಂಚಿನ ಕಚ್ಚಿಗೆ ಚೀಟಿಯನ್ನೂ ಅಂಟಿಸಿದ, ಅದು ಕೈತಪ್ಪಿ ಅಳಿಸಿಹೋಗದಿರಲೆಂದು. ಇಂಥ ಎಚ್ಚರದ ಮನುಷ್ಯನನ್ನು ನಾನು ಕಂಡಿದ್ದೇ ಇಲ್ಲ. ಕಾಣುವ ಆಸೆಯೂ ಇರಲಿಲ್ಲ.

"ಸಾ, ನಿಮ್ದು ಎರಡು ಚಿಕ್ಕ ಫೈಲು. ಇನ್ನೊಂದು ಐತೆ, ಸಾರು ಅಂತ."

"ಓ, ಅದಾ? ಇವಳದೇನೋ ಅಡುಗೆ ಇರ್ಬೇಕು. ಮುಟ್ಟಬೇಡ ಅಂದಿದ್ದೆ! ಅಳಿಸ್ಹಾಕಿ."

"ಅಳಿಸಿ, ಅಳಿಸಿ. ಏನೂ ಪರವಾಗಿಲ್ಲ" ಎಂದೆ ನಾನು. ಗಂಡನ ಮಾತಿಗೆ ಅಷ್ಟು ಬೇಗ ನಾನು ಒಪ್ಪಿದ್ದು ಅದೇ ಮೊದಲು.

"ತೊಂಬತ್ತಾರು ಸಾವಿರ ಅಕ್ಷರ ಐತಲ್ರಮ್ಮ! ಅದೇನು ಸಾರಮ್ಮ ಅದು? ಕಷ್ಟಪಟ್ಟು ಒಡ್ದಿದ್ದೀರಿ, ಒಂದಕ್ಷರ ಓಗಕ್ ಬಿಡಾಕಿಲ್ಲ" ಎಂದು ಆತ ಎರಡು ಕಾಪಿ ಇಳಿಸಿಯೇಬಿಟ್ಟ. ಆಮೇಲೆ ತೆಗೆದು ಓದಿ ನೋಡಿದ, ಗಟ್ಟಿಯಾಗಿ, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿಕೊಂಡು.

"ಮ...ದು...ವೆ...ಯಾದ ಅನ್ನೊಂದನೇ ದಿನ... ನಮ್ಮಣ್ಣ ಬಂದಾಗ... ಅತ್ತೆ... ಅವನಿಗೆ... ಎರಡನೇ ಡಿಕಾಕ್ಷನ್ ಕಾಫಿ... ಕೊಟ್ಟರು."

ನಡುಮನೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ನಮ್ಮತ್ತೆ ಅಂಬುಜಮ್ಮನವರ ಕೈ ನಿಂತಿತು. "ಎರಡನೇದಲ್ಲ ಕಣೇ, ಮೂರನೇದು. ಬರೆಯೋದಾದ್ರೆ ಸರಿಯಾಗಿ ಬರಿ" ಎಂದು ಮತ್ತೆ ಬತ್ತಿ ಹೊಸೆದರು.

ಗಂಗಾಧರಸ್ವಾಮಿಗೆ ಆಗ ಅರ್ಥವಾಯಿತು. ಕಿವಿ ಕೆಂಪಾಗಿ, "ಸಾ, ಸರಿಯಾಗೇ ಬಂದೈತೆ, ಸಾಕು" ಎಂದು ಎದ್ದ. ಆದರೆ ಇವರು ಆ ಕುರ್ಚಿಯಲ್ಲಿ ತಾವೇ ಕೂತರು. ಕನ್ನಡಕ ಹಾಕಿಕೊಂಡು ಬಾಯಿ ಮುಚ್ಚಿಕೊಂಡು ಓದಿದರು. ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಓಡಿದೆ. ಹಾಲು ಎರಡು ಸಲ ಉಕ್ಕಿತು.

ನಾನು ಲೋಟ ತರುವಾಗ ಪರದೆಯ ಮೇಲೆ ಎಪ್ಪತ್ತನಾಲ್ಕನೇ ಇಸವಿ ಇತ್ತು. ಮೈಸೂರಿನ ಒಂದು ಆಫೀಸಿನಿಂದ ನನಗೆ ಟೈಪಿಸ್ಟ್ ಕೆಲಸದ ಆರ್ಡರು ಬಂದಿತ್ತು. ಅಂಚೆಯವನಿಂದ ಅದನ್ನು ಇಸಿದುಕೊಂಡವರು ಇವರು. ಸೇರುವ ಗಡುವು ಮುಗಿದು ಇಪ್ಪತ್ತು ದಿನವಾದ ಮೇಲೆ ಒಗೆಯಲು ಹಾಕಿದ್ದ ಇವರ ಪ್ಯಾಂಟಿನ ಜೇಬಿನಲ್ಲಿ ನನಗೆ ಸಿಕ್ಕಿತು. "ಮರೆತೆ" ಎಂದಿದ್ದರು. ಅದೊಂದೇ ಪದ. ಅದರ ಕೆಳಗೆ ನಾನು ಏನೂ ಟೀಕೆ ಹೊಡೆದಿರಲಿಲ್ಲ.

ಇವರು ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು. ನನ್ನ ಕಡೆ ತಿರುಗಿದರು. ಹದಿನೇಳು ವರ್ಷದಲ್ಲಿ ಇವರು ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ನೆನಪಿಲ್ಲ. ಈಗ ಹೇಳುತ್ತಾರೆ, ತಪ್ಪಾಯಿತು ಅನ್ನದಿದ್ದರೂ ಏನೋ ಒಂದು ಮಾತು ಹೇಳುತ್ತಾರೆ ಎಂದುಕೊಂಡೆ.

"ಒಂದು ಕಡೆನೂ ಅಕ್ಷರ ತಪ್ಪಿಲ್ವಲ್ಲೇ! ನಿಮಿಷಕ್ಕೆ ಎಷ್ಟು ಪದ ಹೊಡೀತೀಯ ನೀನು?"

ದಡ್ಡಿ ನಾನು. ಉಬ್ಬಿಹೋಗಿ, "ನಲವತ್ತೈದು" ಎಂದುಬಿಟ್ಟೆ.

ಗಂಗಾಧರಸ್ವಾಮಿ ಯಂತ್ರವನ್ನು ಅಳಿಸಿ, ಡಾಸ್ ಹಾಕಿ, ಉಳಿಸಿದ್ದನ್ನೆಲ್ಲ ಮತ್ತೆ ಒಳಗೆ ತುಂಬಿ, ತಲೆಯೆತ್ತದೆ ಹೊರಟುಹೋದ. ಯಂತ್ರ ಹೊಸ ಮದುಮಗನ ಹಾಗೆ ಒಂದೇ ಒತ್ತಿಗೆ ಎದ್ದು ಕೂತಿತು. 'ಸಾರಿ'ನ ಎರಡು ಫ್ಲಾಪಿಗಳನ್ನು ಇವರು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಇವರ ಜನಿವಾರದಲ್ಲಿದೆ.

ಮರುದಿನ ಸಂಜೆ ಕಾರ್ಖಾನೆಯಿಂದ ಬರುವಾಗ ಇವರ ಕಂಕುಳಲ್ಲಿ ಒಂದು ಕಟ್ಟು ಕಾಗದವಿತ್ತು. "ಸ್ಟೋರ್ಸ್ ರಿಪೋರ್ಟು. ಶುಕ್ರವಾರಕ್ಕೆ ಬೇಕು. ನೀನು ಹೇಗೂ ಮಧ್ಯಾಹ್ನ ಸುಮ್ನೆ ಕೂತಿರ್ತೀಯ."

"ನನಗೆ ಯಂತ್ರ ಮುಟ್ಟಕೂಡದು ಅಂತ ಅಪ್ಪಣೆ ಇದೆಯಲ್ಲ?"

"ಆ ಅಪ್ಪಣೆ ವಾಪಸ್ಸು ತೊಗೊಂಡಿದೀನಿ."

ಹೊಡೆದೆ. ನಲವತ್ತು ಪುಟ. ಕೊನೆಯಲ್ಲಿ ಇವರ ಹೆಸರು, ಹುದ್ದೆ. ಫ್ಲಾಪಿಗೆ ಇಳಿಸಿದ್ದನ್ನು ಇವರು ಕಾರ್ಖಾನೆಗೆ ಒಯ್ದರು. ಮುಂದಿನ ವಾರ ಇನ್ನೊಂದು ಕಟ್ಟು, ಅದರ ಮುಂದಿನ ವಾರ ಎರಡು. ಈ ಎರಡು ತಿಂಗಳು ಇವರು ನನಗೆ ಬೈದಿಲ್ಲ, ಸುಳ್ಳು ಹೇಳಬಾರದು. ಫ್ಯಾನು ಸಹ ನನ್ನ ಕಡೆ ಸ್ವಲ್ಪ ತಿರುಗಿತ್ತು.

ನಿನ್ನೆ ಇವರು ಬಾಗಿಲಲ್ಲೇ ಕೂಗಿಕೊಂಡು ಬಂದರು. ಇಡೀ ಕಾರ್ಖಾನೆಯಲ್ಲಿ ಇಷ್ಟು ಬೇಗ, ಇಷ್ಟು ಚೊಕ್ಕವಾಗಿ ಕಂಪ್ಯೂಟರ್ ಕಲಿತವರು ಇನ್ನೊಬ್ಬರಿಲ್ಲ ಎಂದು ಮ್ಯಾನೇಜರು ಎಲ್ಲರ ಮುಂದೆ ಬೆನ್ನು ತಟ್ಟಿದರಂತೆ. ವಿಭಾಗ ಇವರದಾಯಿತು. ಮೇಲಾಗಿ ಮೂರು ದಿನದ ತರಬೇತಿಗೆ ಬೆಂಗಳೂರಿಗೆ ಕಳಿಸುತ್ತಿದ್ದಾರೆ.

"ಅಲ್ಲಿ ಎಲ್ಲರ ಮುಂದೆ ಟೈಪ್ ಮಾಡು ಅಂದ್ರೆ ಏನ್ಮಾಡ್ತೀರಿ?" ಎಂದೆ.

"ಬೆರಳಿಗೆ ಬ್ಯಾಂಡೇಜು ಕಟ್ಕೊಂಡು ಹೋಗ್ತೀನಿ. ಅಡುಗೆಮನೇಲಿ ಹಳೇ ಪಂಚೆ ಚೂರು ಇರುತ್ತಲ್ಲ, ಕಟ್ಟಿಕೊಡು" ಎಂದು ಬಲಗೈ ಚಾಚಿದರು.

ಇವರು ಹೊಡೆಯುವುದು ಒಂದೇ ಬೆರಳಲ್ಲಿ. ನಾನು ಐದು ಬೆರಳಿಗೂ ಕಟ್ಟಿಕೊಟ್ಟೆ.