ಸೇತುರಾಮರ ಮೊದಲ ಪುಸ್ತಕ

ಅರವತ್ತು ದಾಟಿದ ಮೇಲೆ ಸೇತುರಾಮರು ಧರ್ಮಶಾಸ್ತ್ರದಲ್ಲಿ ಎಂ.ಎ. ಮಾಡಲು ಹೊರಟರು. ಬನಶಂಕರಿಯಲ್ಲಿ ನಿವೃತ್ತರಾದವರು ಸಾಮಾನ್ಯವಾಗಿ ಪಾರ್ಕು ಸುತ್ತುತ್ತಾರೆ. ವಿಮಾ ಕಚೇರಿಯಲ್ಲಿ ಜನ್ಮ ಸವೆಸಿದ ಸೇತುರಾಮರು ಮಾತ್ರ ಇನ್ನು ಬ್ರಹ್ಮಾಂಡವನ್ನೇ ಸುತ್ತುವುದೆಂದು ಸಾರಿಬಿಟ್ಟರು!

ವಿಶ್ವವಿದ್ಯಾಲಯದ ಮೇಡಂ ಫೋನಿನಲ್ಲಿ ಹೇಳಿದ್ದು ಇಷ್ಟೇ. ಕ್ಲಾಸು ಶುರುವಾಗುವ ಮೊದಲು ಯಾವುದಾದರೂ ಒಂದು ಪರಿಚಯದ ಪುಸ್ತಕ ಓದಿಕೊಂಡು ಬನ್ನಿ, ಸುಲಭದ್ದೇ ಸಾಕು, ಮೊದಲ ದಿನ ಅದರ ಬಗ್ಗೆ ಮಾತಾಡಿ ಅಂತ. ಆ 'ಸುಲಭದ್ದೇ ಸಾಕು' ಸೇತುರಾಮರಿಗೆ ಚುಚ್ಚಿತು. ಮೊಮ್ಮಕ್ಕಳ ವಯಸ್ಸಿನ ಸಹಪಾಠಿಗಳು ತಮ್ಮ ಮಾತು ಕೇಳಿ ಬಾಯಿ ಬಿಟ್ಟುಕೊಂಡು ಕೂರಬೇಕು ಎಂದು ಅವರು ಆಗಲೇ ತೀರ್ಮಾನಿಸಿದ್ದರು.

ಹೆಂಡತಿ ಅಲಮೇಲು ಒಂದು ತೆಳ್ಳನೆಯ ಪುಸ್ತಕ ತಂದುಕೊಟ್ಟರು. ಮಕ್ಕಳಿಗೆ ಬರೆದದ್ದು, ಮುಖಪುಟದಲ್ಲಿ ಬೆಣ್ಣೆ ಗಡಿಗೆಯ ಕೃಷ್ಣ.

"ಇದರಿಂದ ಶುರು ಮಾಡಿ."

"ನಾನೇನು ಅಂಗನವಾಡಿಗೆ ಸೇರ್ತಿದ್ದೀನಾ? ಎಲ್ಲಾ ಧರ್ಮಕ್ಕೂ ಮೂಲ ಪ್ರಶ್ನೆ ಸಾವು ಕಣೇ. ನಾನು ಬುಡಕ್ಕೇ ಕೈ ಹಾಕ್ತೀನಿ."

ಕೈ ಹಾಕಿದ್ದು ಅಟ್ಟಕ್ಕೆ. ಅಲ್ಲಿಂದ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಪುರಾಣವೊಂದು ಕೆಳಗಿಳಿಯಿತು. ಸತ್ತ ಮೇಲೆ ಜೀವ ಯಾವ ದಾರಿ ಹಿಡಿಯುತ್ತದೆ, ಯಾರ ಕೈಗೆ ಸಿಕ್ಕಿ ಏನು ಪಡುತ್ತದೆ ಎಂದು ಹೇಳುವ ಪುರಾಣ ಅದು. ಸಾವಾದ ಮನೆಯಲ್ಲಿ, ಸೂತಕದ ದಿನಗಳಲ್ಲಿ ಮಾತ್ರ ಓದಿಸುತ್ತಾರೆ. ಉಳಿದ ದಿನ ಅದರ ಹೆಸರನ್ನೂ ಎತ್ತುವುದಿಲ್ಲ. ಸೇತುರಾಮರ ತಂದೆ ಹೋದಾಗ ಓದಿಸಿ ಕಟ್ಟಿಟ್ಟ ಗಂಟನ್ನು ಆ ಮನೆಯಲ್ಲಿ ಯಾರೂ ಮತ್ತೆ ಬಿಚ್ಚಿರಲಿಲ್ಲ.

ಅಲಮೇಲು ಬೇಡವೆಂದರು, ಬೇಡಿಕೊಂಡರು, ಕೊನೆಗೆ ಸಿಟ್ಟಾದರು. ಗಂಡ ಮೂಢನಂಬಿಕೆ ಎಂದು ನಕ್ಕಿದ್ದೇ ತಪ್ಪಾಯಿತು. ಮರುದಿನ ಬೆಳಿಗ್ಗೆ, ಆ ಗಂಟು ಅಟ್ಟ ಹತ್ತುವವರೆಗೆ ತಾವು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ, ಬಾಗಿಲಿಗೆ ರಂಗೋಲಿಯನ್ನೂ ಹಾಕದೆ, ಶ್ರೀನಗರದ ತಂಗಿಯ ಮನೆಗೆ ಆಟೊ ಹತ್ತಿದರು.

ಸೇತುರಾಮರು ಸ್ನಾನ ಮಾಡಿ, ಒದ್ದೆ ತಲೆಯಲ್ಲೇ, ಬರಿಮೈಯಲ್ಲಿ ಪಂಚೆಯುಟ್ಟು ಓದಲು ಕುಳಿತರು. ಹೊರಗೆ ಮೋಡ ಕವಿದು ಮಧ್ಯಾಹ್ನವೇ ಮಬ್ಬಾಗಿತ್ತು. ಕರೆಂಟೂ ಹೋಯಿತು. ಸರಿ, ಚಾಪೆಯನ್ನು ವರಾಂಡಕ್ಕೆ ಎಳೆದುಕೊಂಡು, ಒಂಟಿ ಬತ್ತಿಯ ದೀಪವೊಂದನ್ನು ನೆಲದ ಮೇಲೆ ಹಚ್ಚಿಟ್ಟು, ಸ್ಕೂಲಿನ ಅಭ್ಯಾಸದಂತೆ ಗಟ್ಟಿಯಾಗಿ ಓದತೊಡಗಿದರು. ಬಾಗಿಲಲ್ಲಿ ರಂಗೋಲಿ ಇಲ್ಲ, ಒಳಗೆ ಒಲೆ ಹಚ್ಚಿಲ್ಲ, ನೆಲದ ಮೇಲೆ ಒಂಟಿ ದೀಪ, ಕಿವಿಗೆ ಆ ಪುರಾಣ. ಬೀದಿಯಲ್ಲಿ ಹೋಗುವವರು ಇನ್ನೇನು ತಾನೇ ಅಂದುಕೊಂಡಾರು? ಬ್ರಹ್ಮಾಂಡ ಸುತ್ತುವವರಿಗೆ ಇಷ್ಟು ಹೊಳೆಯಲಿಲ್ಲ.

ಮೊದಲು ಬಂದವರು ಎದುರು ಮನೆಯ ಕಮಲಾದೇವಿ. ಗೇಟು ಸದ್ದಾಗದಂತೆ ತೆಗೆದು, ಸೆರಗನ್ನು ಬಾಯಿಗೆ ಹಿಡಿದು ಮೂಲೆಯಲ್ಲಿ ಕುಳಿತರು. ಹಿಂದೆಯೇ ಪಕ್ಕದ ಮನೆಯ ಸೋಮನಾಥ್, ಅವರ ಹಿಂದೆ ಇನ್ನೂ ಕೆಲವರು. ಯಾರ ಬಾಯಲ್ಲೂ ಮಾತಿಲ್ಲ. ಆಹಾ, ಎಂಥ ಶ್ರೋತೃಗಳು ಎಂದು ಸೇತುರಾಮರು ದನಿ ಏರಿಸಿದರು. ಯಾರೋ ಫ್ಲಾಸ್ಕಿನಲ್ಲಿ ಕಾಫಿ ತಂದಿಟ್ಟಾಗ ಗುರುದಕ್ಷಿಣೆ ಎಂದು ಹಿಗ್ಗಿದರು.

ಆಮೇಲೆ ಒಬ್ಬರು ಎದ್ದು ಹೋದರು. 'ಬರ್ತೀನಿ' ಅನ್ನಲಿಲ್ಲ. ಇನ್ನೊಬ್ಬರು ಹೋದರು, ಅವರೂ ಅನ್ನಲಿಲ್ಲ. ಹಾಗೆ ಹೇಳದೆ ಎದ್ದುಹೋಗುವುದು ಸಾವಿನ ಮನೆಯಿಂದ ಮಾತ್ರ. ಸೇತುರಾಮರು ಓದುತ್ತಲೇ ಅವರು ಹೋದ ಗೇಟಿನತ್ತ ನೋಡಿದರು. ತೆರೆದ ಪುಟದಲ್ಲಿ ಜೀವವೊಂದು ತನ್ನದೇ ಹೊಸ್ತಿಲಲ್ಲಿ ನಿಂತು ಮನೆಯವರನ್ನು ಕರೆಯುತ್ತಿತ್ತು.

"ಎಷ್ಟು ಚೆನ್ನಾಗಿ ನಗ್ತಿದ್ಲು ಅಲಮೇಲು," ಎಂದರು ಕಮಲಾದೇವಿ. "ನಿನ್ನೆ ಸಾಯಂಕಾಲ ಕೂಡ ಕರಿಬೇವು ಕೊಟ್ಟು ಹೋದ್ಲು."

ನಗ್ತಿದ್ಲು? ಸೇತುರಾಮರ ಓದು ನಿಂತಿತು. ಇಷ್ಟು ಜನ ಸುಮ್ಮನೆ ಬರುವವರಲ್ಲ. ಇವರಿಗೆ ಏನೋ ಗೊತ್ತಾಗಿದೆ, ತಮಗೆ ಹೇಳಲು ನಾಲಿಗೆ ಏಳುತ್ತಿಲ್ಲ.

"ಅಲಮೇಲುಗೆ ಏನಾಯ್ತು?"

ಕಮಲಾದೇವಿ ಬಿಕ್ಕಿದರು. ಸೋಮನಾಥ್ ಸೇತುರಾಮರ ಬೆನ್ನು ಸವರುತ್ತಾ, ಪಾಪ, ಇವರಿಗೆ ಇನ್ನೂ ನಂಬಿಕೆ ಬಂದಿಲ್ಲ ಎಂದು ಪಕ್ಕದವರಿಗೆ ಪಿಸುಗುಟ್ಟಿದರು.

ಸೇತುರಾಮರು ಒಳಗೆ ಓಡಿದರು. ಹೆಂಡತಿಯ ಫೋನು ಸ್ವಿಚ್ ಆಫ್. ನಾದಿನಿಯ ಫೋನು ಬಡಿದುಕೊಂಡು ಬಡಿದುಕೊಂಡು ನಿಂತಿತು. ಅಡುಗೆಮನೆಯ ಕತ್ತಲಲ್ಲಿ ಆಕೆಯ ಲೋಟ ಬೋರಲಾಗಿತ್ತು. ಅದನ್ನು ನೋಡಿ ಸೇತುರಾಮರಿಗೆ ನಿಜವಾಗಿ ಭಯವಾಯಿತು. ಮೂಲ ಪ್ರಶ್ನೆಯೂ ಬೇಡ, ಎಂ.ಎ.ಯೂ ಬೇಡ, ಅವಳೊಬ್ಬಳು ಬರಲಿ ಎಂದು ಅವರು ಕಂಡ ಕಂಡ ದೇವರಿಗೆಲ್ಲ ಕೈ ಮುಗಿದರು.

ಹೊರಗೆ ಗೇಟು ಕಿರ್ರೆಂದಿತು. ಕಮಲಾದೇವಿ ಕಿಟಾರನೆ ಕಿರುಚಿದರು, ಚಪ್ಪಲಿಗಳು ಚೆಲ್ಲಾಡಿದವು, ಎಲ್ಲರೂ ಬೀದಿಗೆ ಓಡಿದ ಸದ್ದಾಯಿತು, ಆಮೇಲೆ ಹೊಸ್ತಿಲ ಕಡೆಯಿಂದ ಅಲಮೇಲುವಿನ ಅಳು ಕೇಳಿಸಿತು.

"ಬೇಡ ಅಂದ್ನಲ್ಲಾ... ನನ್ನ ಮಾತು ಕೇಳಿದ್ರೆ ಇರ್ತಿದ್ರಲ್ಲಾ..."

ಪುಸ್ತಕದಲ್ಲಿ ಹೇಳಿದ ಹಾಗೇ! ಸೇತುರಾಮರು ಗೋಡೆ ಹಿಡಿದುಕೊಂಡು ನಡುಮನೆಯ ಬಾಗಿಲಿಗೆ ಬಂದರು. ಅತ್ತ ಅಲಮೇಲು, ಇತ್ತ ಸೇತುರಾಮರು, ನಡುವೆ ಒಂಟಿ ದೀಪ. ಅಳು ನಿಂತಿತು. ಇಬ್ಬರೂ ಒಂದೇ ಸಲ ತಲೆ ತಗ್ಗಿಸಿ ಒಬ್ಬರ ಪಾದವನ್ನು ಇನ್ನೊಬ್ಬರು ನೋಡಿದರು. ದೆವ್ವದ ಪಾದ ಹಿಂದುಮುಂದಾಗಿರುತ್ತದಂತೆ. ಇಲ್ಲಿ ಎಲ್ಲ ಪಾದಗಳೂ ನೆಟ್ಟಗಿದ್ದವು.

ಆಕೆ ಮರೆತುಹೋದ ಬಿ.ಪಿ. ಮಾತ್ರೆಗಾಗಿ ಬಂದಿದ್ದರು, ಅಷ್ಟೇ. ಫೋನಿನಲ್ಲಿ ಚಾರ್ಜಿರಲಿಲ್ಲ. ಬಂದರೆ ಬಾಗಿಲಲ್ಲಿ ಚಪ್ಪಲಿ ರಾಶಿ, ನೆಲದ ಮೇಲೆ ದೀಪ, ಗಂಡ ಕೂರಬೇಕಾದ ಚಾಪೆ ಖಾಲಿ.

ಸೇತುರಾಮರು ಹೊಸ್ತಿಲ ಮೇಲೆ ಕುಳಿತರು. ಅಲಮೇಲು ಕಣ್ಣೊರೆಸಿಕೊಂಡು, ಆ ಗಂಟನ್ನು ಕಾಲಿಗೆ ತಾಗದಂತೆ ದೂರ ಸರಿಸಿ ಕೇಳಿದರು.

"ಎಲ್ಲೀವರೆಗೂ ಬಂತು ನಿಮ್ಮ ಮೂಲ ಪ್ರಶ್ನೆ?"

"ಹೊಸ್ತಿಲವರೆಗೂ."

ಆ ದಿನವೇ ಗಂಟು ಅಟ್ಟ ಹತ್ತಿತು. ಸಂಜೆ ಅದೇ ವರಾಂಡದಲ್ಲಿ, ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಸೇತುರಾಮರು ತೆಳ್ಳನೆಯ ಪುಸ್ತಕದ ಮೊದಲ ಪುಟವನ್ನು ಮನಸ್ಸಿನಲ್ಲೇ ಓದುತ್ತಿದ್ದರು. ವಾಕಿಂಗ್ ಹೊರಟ ಸೋಮನಾಥ್ ಬೀದಿಯಲ್ಲೇ ನಿಂತರು. ಗೇಟು ಮುಟ್ಟಲಿಲ್ಲ.

"ಏನ್ ಓದ್ತಿದ್ದೀರಿ ಸೇತುರಾಮ್?"

ಸೇತುರಾಮರು ಪುಸ್ತಕವನ್ನು ಎತ್ತಿ, ಬೆಣ್ಣೆ ಕೃಷ್ಣನನ್ನು ಬೀದಿಗೆ ಕಾಣುವಂತೆ ಹಿಡಿದರು.

"ಸರಿ, ಸರಿ. ತಪ್ಪು ತಿಳ್ಕೋಬೇಡಿ," ಎಂದರು ಸೋಮನಾಥ್. "ಈಗಷ್ಟೇ ತಲೆಗೆ ಸ್ನಾನ ಮಾಡಿ ಬಂದೆ, ಅದಕ್ಕೆ ಕೇಳ್ದೆ."