ಅವಳ ಪಟ್ಟಿ, ನನ್ನ ಪಟ್ಟಿ

ದಂತವೈದ್ಯೆಯಾದ ಹೆಂಡತಿ ಸ್ವಂತ ಕ್ಲಿನಿಕ್ ತೆರೆಯಲು ಹೊರಟು, ಕರೆಯಬೇಕಾದವರ ಪಟ್ಟಿಯನ್ನು ಕೈಗಿಟ್ಟಾಗ ಕಂಪ್ಯೂಟರ್ ಮೇಷ್ಟ್ರು ಎದೆಯುಬ್ಬಿಸಿದರು. ಅದುವರೆಗೆ ಮನೆಯಲ್ಲಿ ಅವರ ವಿದ್ಯೆಗೆ ಬಲ್ಬು ಬದಲಿಸುವುದಕ್ಕಿಂತ ದೊಡ್ಡ ಕೆಲಸ ಸಿಕ್ಕಿರಲಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡುತ್ತ ಕೂರುವ ಕಾಲ ಹೋಯಿತು, ತಾವೊಂದು ಪ್ರೋಗ್ರಾಂ ಬರೆದರೆ ಅದೇ ಎಲ್ಲರನ್ನೂ ಹೆಸರು ಹಿಡಿದು ಆಹ್ವಾನಿಸುತ್ತದೆ ಎಂದರು.

"ಅಣ್ಣನಿಗೆ ಮಾತ್ರ ನಾನೇ ಹೇಳ್ತೀನಿ," ಎಂದರು ಡಾಕ್ಟರಮ್ಮ. ರಿಬ್ಬನ್ ಕತ್ತರಿಸಬೇಕಾದವರು ಆ ಅಣ್ಣನೇ. ಪ್ರವೇಶ ಪರೀಕ್ಷೆಯ ದಿನ ಬಸ್ಸು ತಪ್ಪಿದಾಗ ತಂಗಿಯನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ತುಳಿದವರು.

"ಮರೆವು ಇರೋದು ಮನುಷ್ಯರಿಗೆ ಕಣೆ, ಪ್ರೋಗ್ರಾಂಗಲ್ಲ. ಅವರಿಗೂ ಅದೇ ಹೇಳುತ್ತೆ, ಬಿಡು."

ಮೇಷ್ಟ್ರು ಪಟ್ಟಿಯನ್ನು ಕಂಪ್ಯೂಟರಿಗೆ ತುಂಬಿ 'ಅವಳದು' ಎಂದು ಹೆಸರಿಟ್ಟರು. ಆಮೇಲೆ ಒಂದು ತುಂಟತನ ಹೊಳೆಯಿತು. 'ನನ್ನದು' ಎಂದು ಇನ್ನೊಂದು ಪಟ್ಟಿ ಮಾಡಿ, ಅದು 'ಅವಳದು' ಇದ್ದ ಹಾಗೇ ಇರಲಿ ಎಂದು ಒಂದೇ ಸಾಲಿನಲ್ಲಿ ಬರೆದರು. ನಂತರ 'ನನ್ನದು' ಪಟ್ಟಿಯಿಂದ ತಮಗೆ ಆಗದ ಏಳು ಜನರನ್ನು ನಿಧಾನವಾಗಿ, ಸವಿಯುತ್ತ ಅಳಿಸಿದರು. (ಯಾರಿಗೂ ಕಳಿಸಲು ಅಲ್ಲ, ಮನಸ್ಸಿನ ನೆಮ್ಮದಿಗೆ.) ಮೊದಲು ಹೋದವರು ಭಾವನೇ, ಅಂದರೆ ರಿಬ್ಬನ್ ಕತ್ತರಿಸಬೇಕಾದ ಅದೇ ಅಣ್ಣ. ಸರ್ವೆ ಇಲಾಖೆಯಿಂದ ನಿವೃತ್ತರಾದ ಅವರು ನೀರು ಕೊಟ್ಟರೂ ಯಾವ ನಲ್ಲಿಯದು ಎಂದು ಕೇಳುವವರು. ನೆಮ್ಮದಿ ಸಿಕ್ಕ ಮೇಲೆ ಮೇಷ್ಟ್ರು 'ಅವಳದು' ಪಟ್ಟಿಗೆ ಆಹ್ವಾನ ಕಳಿಸಿ ಕಂಪ್ಯೂಟರ್ ಮುಚ್ಚಿದರು.

ಉದ್ಘಾಟನೆಯ ದಿನ ಹತ್ತಕ್ಕೆ ರಿಬ್ಬನ್ ಕಟ್ಟಿತ್ತು, ತಟ್ಟೆಯಲ್ಲಿ ಕತ್ತರಿ ಇತ್ತು. ಮೇಷ್ಟ್ರ ಕಾಲೇಜಿನವರೆಲ್ಲ ಬಂದಿದ್ದರು. ಅಣ್ಣನ ಸುಳಿವಿಲ್ಲ. ಹನ್ನೊಂದಾಯಿತು. ಡಾಕ್ಟರಮ್ಮ ಫೋನ್ ಮಾಡಿದರು. ಕೇಳಿಸಿಕೊಂಡು ಗಂಡನತ್ತ ತಿರುಗಿದರು.

"ಅಣ್ಣನಿಗೆ ಯಾರೂ ಹೇಳೇ ಇಲ್ವಂತೆ."

ಮೇಷ್ಟ್ರು ಅಲ್ಲೇ ಕಂಪ್ಯೂಟರ್ ತೆರೆದರು. 'ಅವಳದು' ಪಟ್ಟಿಯಲ್ಲಿ ಏಳು ಹೆಸರಿಲ್ಲ. ಒಂದು ಪಟ್ಟಿ ಇನ್ನೊಂದರಂತಿರಲಿ ಎಂದರೆ ಅವರು ಪ್ರೋಗ್ರಾಂ ಬರೆದ ಕಂಪ್ಯೂಟರ್ ಭಾಷೆ ನಕಲು ಮಾಡುವುದಿಲ್ಲ, ಅದೇ ಪಟ್ಟಿಗೆ ಎರಡನೇ ಹೆಸರು ತಗುಲಿಹಾಕುತ್ತದೆ. ಕಳೆದ ತಿಂಗಳ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಕೊಟ್ಟು, ತಪ್ಪು ಬರೆದ ಅರ್ಧ ತರಗತಿಗೆ ಕೆಂಪು ಶಾಯಿಯಲ್ಲಿ 'ಗಮನ ಸಾಲದು' ಎಂದು ಷರಾ ಬರೆದವರು ಇವರೇ.

"ತಪ್ಪು ನನ್ನದಲ್ಲ, ಭಾಷೇದು," ಎಂದು ಶುರು ಮಾಡಿದರು. "ಎರಡು ಪಟ್ಟಿ ಇದೆ ಅಂತ ನಾವು ಅಂದ್ಕೋತೀವಿ. ಇರೋದು ಒಂದೇ. ಒಂದರಲ್ಲಿ ಅಳಿಸಿದ್ರೆ ಇನ್ನೊಂದರಲ್ಲೂ ಹೋಗುತ್ತೆ."

ನೋವು ಯಾವ ಹಲ್ಲಿನಲ್ಲಿದೆ ಎಂದು ಹುಡುಕುವುದೇ ಡಾಕ್ಟರಮ್ಮನ ವೃತ್ತಿ.

"ಆ ಒಂದರಲ್ಲಿ ಅಳಿಸಿದ್ದು ಯಾರು?"

ಕಾಲೇಜಿನವರೆಲ್ಲ ಫ್ಯಾನ್ ನೋಡತೊಡಗಿದರು.

ಏಳು ಜನಕ್ಕೂ ಮೇಷ್ಟ್ರೇ ನಿಂತಲ್ಲೇ ಫೋನ್ ಮಾಡಿ ಕ್ಷಮೆ ಕೇಳಬೇಕಾಯಿತು. ಹನ್ನೆರಡೂವರೆಗೆ ಭಾವ ಬಂದರು, ರಿಬ್ಬನ್ ಕತ್ತರಿಸಿದರು, ಕತ್ತರಿ ಕೆಳಗಿಡುವ ಮೊದಲೇ ಹೀಗಾದದ್ದು ಹೇಗೆ ಎಂದು ಕೇಳಿದರು. ಅಳಿಸಿದ ಭಾಗವನ್ನು ಬಿಟ್ಟು ಮೇಷ್ಟ್ರು ಉಳಿದದ್ದನ್ನು ವಿವರಿಸಿದರು. ಭಾವನ ಕಣ್ಣು ಹೊಳೆಯಿತು.

"ಒಂದೇ ಜಮೀನಿಗೆ ಎರಡು ಹೆಸರು ಇರೋದನ್ನ ಸರ್ವೀಸ್ ಪೂರ್ತಿ ನೋಡಿದೀನಿ. ಕಂಪ್ಯೂಟರಲ್ಲೂ ಉಂಟಾ? ಮೇಷ್ಟ್ರೇ, ಈ ಭಾಷೆ ನನಗೂ ಕಲಿಸಿ. ನನಗೆ ಸಂಜೆಯೆಲ್ಲ ಬಿಡುವೇ."

"ಇವರಿಗೂ ಬಿಡುವೇ ಅಣ್ಣ," ಎಂದರು ಡಾಕ್ಟರಮ್ಮ. "ದಿನಾ ಬಾ."

ಮರುದಿನ ಸಂಜೆ ಐದಕ್ಕೆ ಭಾವ ಹೊಸ ನೋಟ್‌ಬುಕ್ ಹಿಡಿದು ಬಂದರು. ಈ ಭಾಷೆಯಲ್ಲಿ ಎಣಿಕೆ ಒಂದರಿಂದಲ್ಲ, ಸೊನ್ನೆಯಿಂದ ಶುರು ಎಂದರು ಮೇಷ್ಟ್ರು.

"ಯಾಕೆ?" ಎಂದರು ಭಾವ.

ಮೂರು ವಾರವಾಯಿತು. ಪಾಠ ಇನ್ನೂ ಸೊನ್ನೆಯಲ್ಲೇ ಇದೆ.