ಹೊನ್ನೆಹಕ್ಲು ಮಿಡಿ, ಊರಿನವರಿಗೆ ಉಚಿತ

ಇಡೀ ಆಯುಷ್ಯ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನಿಗೆ ಆನ್‌ಲೈನ್ ಅಂಗಡಿ ನಡೆಸುವುದು ಒಂದು ದೊಡ್ಡ ವಿಷಯವೇ? ಸಾಲು ನೇರವಾಗಿರಬೇಕು, ಸಮಯ ಸರಿಯಾಗಿರಬೇಕು, ಹೇಳಿದ್ದು ನಡೆಯಬೇಕು. ವ್ಯಾಪಾರಕ್ಕೆ ಇನ್ನೇನು ಬೇಕು? ಈ ಧೈರ್ಯದಲ್ಲೇ ನಾನು ಸಾಗರದ ನಮ್ಮ ಮನೆಯಿಂದ ಮಾವಿನ ಮಿಡಿ ಉಪ್ಪಿನಕಾಯಿ ಮಾರಲು ಹೊರಟೆ.

ಲಾಭದ ಆಸೆ ಇರಲಿಲ್ಲ. ಆಸೆ ಬೇರೆಯದೇ ಇತ್ತು.

ನನ್ನ ಊರು ಹೊನ್ನೆಹಕ್ಲು. ಹುಡುಕಬೇಡಿ, ಸಿಗುವುದಿಲ್ಲ. ನಾನು ಚಿಕ್ಕವನಿದ್ದಾಗಲೇ ಅದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಊರು ಬಿಡುವ ದಿನ ಅಪ್ಪ ಅಲ್ಲಿನ ಅಪ್ಪೆಮಿಡಿ ಮಾವಿನ ಮರದ ಕುಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಇಲ್ಲಿ ಕಸಿ ಕಟ್ಟಿದರು. ಮರ ಬದುಕಿತು. ಊರಿನವರು ಮಾತ್ರ ದಿಕ್ಕಿಗೊಬ್ಬರಾಗಿ ಹೋದರು. ಊರಿನ ಹೆಸರು ಈಗ ಯಾವ ನಕ್ಷೆಯಲ್ಲೂ ಇಲ್ಲ. ನನ್ನ ಹೆಂಡತಿ ಸರೋಜ ತೀರ್ಥಹಳ್ಳಿ ಕಡೆಯವಳು. ನಾನು ಊರಿನ ಮಾತು ತೆಗೆದರೆ ಪಾಪ, ‘ಹೂಂ’ ಎನ್ನುತ್ತಾಳೆ. ಆದರೆ ‘ಹೌದು, ಅಲ್ಲೇ ಇತ್ತು’ ಎನ್ನಲು ಅವಳಿಂದಾಗದು. ನನಗೆ ಬೇಕಾಗಿದ್ದದ್ದು ಅದೊಂದೇ ಮಾತು. ಬಾಟಲಿಯ ಮೇಲೆ ಊರಿನ ಹೆಸರು ಬರೆದು ಲೋಕಕ್ಕೆಲ್ಲ ತೋರಿಸಿದರೆ, ಎಲ್ಲಾದರೂ ಒಬ್ಬರು ಎದ್ದು ನಿಂತು ‘ಹೌದು, ಅಲ್ಲೇ’ ಎನ್ನುವುದಿಲ್ಲವೇ?

ಪಕ್ಕದ ಮನೆಯ ವಿನುತಾ ಫೋನಿನಲ್ಲೇ ಸೀರೆ ವ್ಯಾಪಾರ ಮಾಡುತ್ತಾಳೆ. ಅವಳನ್ನೇ ಗುರುವೆಂದು ಸ್ವೀಕರಿಸಿದೆ. ಮೊದಲ ಪಾಠ ಫೋಟೋ. ನಾನು ಬಾಟಲಿಗಳನ್ನು ಅಂಗಳದಲ್ಲಿ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದೆ.

‘ಮೇಷ್ಟ್ರೆ, ಇದು ಉಪ್ಪಿನಕಾಯಿನಾ, ಪ್ರಾರ್ಥನೆಗೆ ನಿಂತ ಮಕ್ಕಳಾ?’ ಎಂದಳು ವಿನುತಾ.

ಎರಡನೆಯ ಪಾಠ ಅಂಗಡಿಯ ವಿವರ. ನಾನು ಶಿಸ್ತಾಗಿ ಬರೆದೆ: ‘ಅಂಗಡಿ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ. ಊಟದ ವಿರಾಮ ಉಂಟು. ಭಾನುವಾರ ರಜೆ. ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ.’

‘ಆನ್‌ಲೈನ್ ಅಂಗಡಿಗೆ ಬಾಗಿಲೇ ಇಲ್ಲ ಮಾರಾಯ್ರೆ! ಯಾರನ್ನ ಹೊರಗೆ ನಿಲ್ಲಿಸ್ತೀರಿ?’

ಅದನ್ನು ಅಳಿಸಿದೆ. ಆದರೆ ಅದರ ಕೆಳಗಿನ ಸಾಲನ್ನು ಮಾತ್ರ ಅಳಿಸಲು ಒಪ್ಪಲಿಲ್ಲ. ಹೊನ್ನೆಹಕ್ಲಿನಲ್ಲಿ ಆ ಮರ ಎಲ್ಲರದ್ದು. ಮಿಡಿಗಾಲ ಬಂದರೆ ಮನೆಮನೆಗೂ ಪಾಲು. ಊರಿನವರ ಹತ್ತಿರ ಅದಕ್ಕೆ ಬೆಲೆ ಕೇಳುವುದೆಂದರೆ ನೀರಿಗೆ ಬೆಲೆ ಕೇಳಿದ ಹಾಗೆ. ಆದ್ದರಿಂದ ದಪ್ಪ ಅಕ್ಷರದಲ್ಲಿ ಹಾಕಿದ್ದೆ: ‘ಹೊನ್ನೆಹಕ್ಲಿನವರಿಗೆ ಉಚಿತ.’

‘ಬೇಡ ಮೇಷ್ಟ್ರೆ. ಉಚಿತ ಅಂದ್ರೆ ಇಡೀ ರಾಜ್ಯವೇ ನಿಮ್ಮೂರಾಗ್ತದೆ’ ಎಂದಳು ವಿನುತಾ.

‘ನನ್ನೂರಿನ ಹೆಸರು ಹೇಳಿಕೊಂಡು ಯಾರಮ್ಮ ಸುಳ್ಳು ಹೇಳ್ತಾರೆ?’ ಎಂದೆ.

ಎಲ್ಲರೂ ಹೇಳಿದರು! ರಾಯಚೂರಿನಿಂದ, ಮಂಡ್ಯದಿಂದ, ಮುಂಬಯಿಯಿಂದ ಆರ್ಡರುಗಳು ಬಂದವು. ಎರಡು ಕೇರಿಯ ನನ್ನ ಬಡ ಊರು ಒಂದೇ ವಾರದಲ್ಲಿ ಶಿವಮೊಗ್ಗಕ್ಕಿಂತ ದೊಡ್ಡದಾಯಿತು.

ಶಿಸ್ತಿನ ಮನುಷ್ಯ ಸುಮ್ಮನಿರುತ್ತಾನೆಯೇ? ಪ್ರವೇಶ ಪರೀಕ್ಷೆ ಇಟ್ಟೆ. ಆರ್ಡರ್ ಮಾಡಿದ ಪ್ರತಿಯೊಬ್ಬರಿಗೂ ನಾನೇ ಫೋನ್ ಮಾಡಿ, ‘ನಮ್ಮೂರ ದೇವಸ್ಥಾನದ ಎದುರು ಏನಿತ್ತು?’ ಎಂದು ಕೇಳತೊಡಗಿದೆ.

‘ಬಸ್ ಸ್ಟ್ಯಾಂಡ್ ಸಾರ್!’ ಎಂದ ಒಬ್ಬ. ಎತ್ತಿನ ಗಾಡಿಯೇ ಕಷ್ಟಪಟ್ಟು ಬರುತ್ತಿದ್ದ ಊರು ಅದು.

‘ಆಪ್ಷನ್ ಕೊಡಿ ಸಾರ್, ಹೇಳ್ತೀನಿ’ ಎಂದ ಇನ್ನೊಬ್ಬ.

ಹೀಗೆ ಸುಳ್ಳರನ್ನೆಲ್ಲ ಫೇಲು ಮಾಡುತ್ತ ಹೆಮ್ಮೆಯಿಂದಿದ್ದೆ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಎಲ್ಲರೂ ಪಾಸಾಗತೊಡಗಿದರು! ‘ಮಾವಿನ ಮರ ಸಾರ್, ಮಾವಿನ ಮರ!’ ನನಗೆ ಕಣ್ಣು ತುಂಬಿ ಬಂತು. ನನ್ನ ಜನ ಸಿಕ್ಕಿದರು ಎಂದುಕೊಂಡು ಬಾಟಲಿಯ ಮೇಲೆ ಬಾಟಲಿ ಕೊರಿಯರಿಗೆ ಹಾಕಿದೆ. ಮಾತಾಡೋಣವೆಂದು ಆಮೇಲೆ ಫೋನ್ ಮಾಡಿದರೆ ಒಬ್ಬರೂ ಎತ್ತಲಿಲ್ಲ.

ವಿನುತಾ ಬಂದು ಫೋನ್ ತೋರಿಸಿದಳು. ನನ್ನ ಅಂಗಡಿಯ ಫೋಟೋದ ಕೆಳಗೇ ಯಾರೋ ಪುಣ್ಯಾತ್ಮ ಬರೆದಿದ್ದ: ‘ಮೇಷ್ಟ್ರು ಫೋನ್ ಮಾಡಿದರೆ ಮಾವಿನ ಮರ ಅನ್ನಿ. ಫ್ರೀ ಸಿಗುತ್ತೆ.’

ಪ್ರಶ್ನೆಪತ್ರಿಕೆ ಬಯಲಾಗಿತ್ತು!

‘ನಾನು ಹೇಳಿದ್ದೆ ಅಲ್ದಾ’ ಎಂದು ಅವಳು ಹೇಳಲಿಲ್ಲ. ಸುಳ್ಳರ ಕರೆ ಬಾರದಂತೆ ನಂಬರ್ ಬ್ಲಾಕ್ ಮಾಡುವುದು ಹೇಗೆಂದು ಕಲಿಸಿ ಹೋದಳು. ನಾನು ಮನಸ್ಸು ಕಲ್ಲು ಮಾಡಿಕೊಂಡು ಕಠಿಣವಾದ ಹೊಸ ಪ್ರಶ್ನೆ ತಯಾರಿಸಿದೆ: ‘ದೇವಸ್ಥಾನಕ್ಕೆ ಹೋಗುವಾಗ ಆ ಮರ ದಾರಿಯ ಎಡಕ್ಕೋ, ಬಲಕ್ಕೋ?’ ಬಲಕ್ಕೆ. ಕಣ್ಣು ಮುಚ್ಚಿದರೆ ಇವತ್ತಿಗೂ ಕಾಣುತ್ತದೆ.

ಮರುದಿನ ಒಂದು ಫೋನ್ ಬಂತು. ವಯಸ್ಸಾದ ಹೆಂಗಸಿನ ದನಿ.

‘ನಾನು ನಾಗರತ್ನ ಅಂತ, ದಾವಣಗೆರೆಯಿಂದ. ನಮ್ಮ ಸೊಸೆ ನಿಮ್ಮ ಬಾಟ್ಲಿ ಫೋಟೋ ತೋರ್ಸಿದ್ಲು. ಅದು ದೇವಸ್ಥಾನದ ಎದುರಿನ ಮರದ ಮಿಡಿಯೇ ಹೌದಾ?’

‘ಮರ ಎಡಕ್ಕೋ, ಬಲಕ್ಕೋ?’

‘ಎಡಕ್ಕೆ.’

‘ತಪ್ಪು!’

‘ತಪ್ಪು ಹೆಂಗಾಗ್ತದೆ? ಬುಡದಲ್ಲಿ ಒಂದು ಚಪ್ಪಟೆ ಕಲ್ಲಿತ್ತು, ಅದ್ರ ಮೇಲೆ ಕೂತು ಉಪ್ಪು ಹಚ್ಕಂಡು...’

‘ಉತ್ತರ ತಪ್ಪಾದ ಮೇಲೆ ವಿವರಣೆಗೆ ಅಂಕ ಇಲ್ಲ!’ ಎಂದು ಫೋನಿಟ್ಟೆ. ಬ್ಲಾಕ್ ಕೂಡ ಮಾಡಿದೆ. ಕಲಿತ ವಿದ್ಯೆ!

ಸರೋಜ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದಳು. ‘ಬುಡದಲ್ಲಿ ಎಂತ ಇತ್ತು ಅಂದ್ರು ಅವ್ರು?’

‘ಚಪ್ಪಟೆ ಕಲ್ಲು.’

‘ಇತ್ತಾ?’

‘ಇತ್ತು.’

ಅಂದ ಮೇಲೆಯೇ ಹೊಳೆಯಿತು: ಆ ಕಲ್ಲಿನ ಮಾತು ಅಂಗಡಿಯ ಪುಟದಲ್ಲಿ ಎಲ್ಲೂ ಇರಲಿಲ್ಲ.

‘ನಿಮ್ಮ ಮನೆ ಮೇಲಿನಕೇರಿ ಅಲ್ದಾ? ಆಚೆ ಕಡೆ ಕೆಳಗಿನಕೇರಿಯಿಂದ ಬರೋರಿಗೆ ಅದೇ ಮರ ಎಡಕ್ಕಲ್ದೆ ಮತ್ತೆಲ್ಲಿ ಸಿಗ್ತದೆ? ಊರು ನೋಡ್ದೆ ಇರೋ ನಂಗೆ ಗೊತ್ತಾಗ್ತದೆ!’

ನಂಬರ್ ಬ್ಲಾಕ್ ಮಾಡುವುದು ಸುಲಭ, ಬಿಡಿಸುವುದು ಮಹಾ ಕಷ್ಟ. ವಿನುತಾಳ ಮನೆಗೆ ಓಡಿದೆ. ಅವಳು ಬಿಡಿಸಿಕೊಟ್ಟಳು. ಅಲ್ಲಿಯೇ ನಿಂತು ಫೋನ್ ಮಾಡಿದೆ.

‘ಪರೀಕ್ಷೆ ಮುಗೀತಾ ಮೇಷ್ಟ್ರೆ?’ ಎಂದರು ನಾಗರತ್ನಮ್ಮ.

‘ನಿಮ್ಮದು ಕೆಳಗಿನಕೇರಿಯಾ?’

‘ಹೌದು. ಕೇರಿ ಬಾವಿ ಪಕ್ಕದ ಮನೆ. ಬಾವಿ ನೆನಪಿದೆಯಾ?’

ಇರಲಿಲ್ಲ. ಆಡುವ ವಯಸ್ಸಿನಲ್ಲಿ ನಾನು ದೇವಸ್ಥಾನ ದಾಟಿ ಕೆಳಗೆ ಹೋದದ್ದೇ ಕಡಿಮೆ. ಅವರು ಹೇಳುತ್ತ ಹೋದರು. ಬಾವಿಯ ಪಕ್ಕದ ಸಂಪಿಗೆ, ದೋಣಿ ಕಟ್ಟುತ್ತಿದ್ದ ಗೂಟ, ಊರು ಬಿಡುವ ದಿನ ಅವರ ಅವ್ವ ಅಂಗಳ ಗುಡಿಸಿ ರಂಗೋಲಿ ಹಾಕಿಯೇ ಹೊರಟದ್ದು. ನಾನು ‘ಹೂಂ’ ಎನ್ನುತ್ತಿದ್ದೆ. ಸರೋಜ ಎನ್ನುತ್ತಾಳಲ್ಲ, ಹಾಗೆ. ಇಷ್ಟು ವರ್ಷ ನಾನು ಇಡೀ ಊರು ಎಂದು ಜೋಪಾನ ಮಾಡಿಕೊಂಡಿದ್ದದ್ದು ಅರ್ಧ ಊರು ಮಾತ್ರ. ಉಳಿದರ್ಧ ದಾವಣಗೆರೆಯಲ್ಲಿತ್ತು. ನಾನದನ್ನು ಬ್ಲಾಕ್ ಮಾಡಿದ್ದೆ!

‘ಒಂದು ಬಾಟ್ಲಿ ಕಳ್ಸಿ ಮೇಷ್ಟ್ರೆ. ಬಾಯಿ ರುಚಿ ಕೆಟ್ಟು ವರ್ಷಾಯ್ತು’ ಎಂದರು ಕೊನೆಗೆ.

ಆಗ ನೆನಪಾಯಿತು. ಬಾಟಲಿಗಳೆಲ್ಲ ಮಾವಿನ ಮರದವರ ಪಾಲಾಗಿದ್ದವು! ‘ಸ್ಟಾಕ್ ಇಲ್ಲ ಅಮ್ಮ. ಮುಂದಿನ ಮಿಡಿಗಾಲಕ್ಕೆ...’ ಎಂದೆ.

‘ಅಲ್ಲಿವರೆಗೆ ನಾನಿರ್ಬೇಕಲ್ಲ’ ಎಂದು ನಕ್ಕರು.

ಮನೆಗೆ ಬಂದು ಹೇಳಿದೆ. ಸರೋಜ ನಮ್ಮ ಊಟಕ್ಕಿಟ್ಟಿದ್ದ ಭರಣಿಯನ್ನು ಇಳಿಸಿ, ಇದ್ದದ್ದನ್ನೆಲ್ಲ ಬಾಟಲಿಗೆ ತುಂಬಿ ಮುಚ್ಚಳ ಬಿಗಿದಳು. ‘ಈ ವರ್ಷ ನೀವು ಮಜ್ಜಿಗೆ ಅನ್ನಕ್ಕೆ ಬೆರಳು ನೆಕ್ಕಿ’ ಎಂದಳು. ನೆಕ್ಕುತ್ತಿದ್ದೇನೆ.

ಈಗ ಅಂಗಡಿ ಮುಚ್ಚಿದ್ದೇನೆ. ಉಚಿತವಾಗಿ ತಿಂದವರಲ್ಲಿ ಒಬ್ಬರೂ ಒಳ್ಳೆಯದೋ ಕೆಟ್ಟದ್ದೋ ಒಂದು ಅಕ್ಷರ ಬರೆಯಲಿಲ್ಲ. ಅಂಗಡಿಯ ಪುಟದಲ್ಲಿರುವುದು ನಾಗರತ್ನಮ್ಮ ಸೊಸೆಯ ಕೈಯಲ್ಲಿ ಬರೆಸಿದ ಒಂದೇ ಅಭಿಪ್ರಾಯ: ‘ಮಿಡಿ ನಮ್ಮೂರಿನದೇ. ಸಂಶಯವಿಲ್ಲ. ಮಾರುವವರಿಗೆ ಮಾತ್ರ ಎಡ ಬಲ ತಿಳಿಯುವುದಿಲ್ಲ.’

‘ಡ್ರಿಲ್ ಮೇಷ್ಟ್ರ ಮರ್ಯಾದೆ ಪ್ರಶ್ನೆ, ಅಳಿಸ್ಲಾ?’ ಎಂದಳು ವಿನುತಾ.

ಬೇಡ ಎಂದೆ. ಎಷ್ಟೋ ವರ್ಷಗಳ ನಂತರ ನನ್ನ ಊರಿನವರೊಬ್ಬರು ನನ್ನನ್ನು ಬೈದಿದ್ದಾರೆ. ದಿನಾ ಬೆಳಿಗ್ಗೆ ಎದ್ದು ಒಮ್ಮೆ ಓದಿಕೊಳ್ಳುತ್ತೇನೆ. ಎದ್ದು ನಿಂತು.